66 ನಿಮಿಷ, 6 ಸೆಕೆಂಡು

ನಮಸ್ಕಾರ. ಮೂರು ವಾರದ ಹಿಂದೆ, ರಾತ್ರಿ ಹನ್ನೊಂದು ಗಂಟೆ. ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಒಂದು ಹಾಡನ್ನು ಹಿಂದುಮುಂದು ಮಾಡಿ ಕೇಳುತ್ತಾ ಕೂತಿದ್ದೆ. ಕಷ್ಟವೇನಿಲ್ಲ. ಎಡಿಟಿಂಗ್ ಸಾಫ್ಟ್‌ವೇರ್‌ಗೆ ಹಾಡು ಹಾಕಬೇಕು, ಪೂರ್ತಿ ಸೆಲೆಕ್ಟ್ ಮಾಡಬೇಕು, ರಿವರ್ಸ್ ಒತ್ತಬೇಕು. ಹಾಗೆ ಕೇಳಿದರೆ 'ಕೊಂಬಿರುವ ದೇವರು' ಎಂಬ ಇಂಗ್ಲಿಷ್ ಮಾತು ಕೇಳಿಸುತ್ತದೆ ಎಂದು ಅಭಿಮಾನಿಗಳು ಹೇಳುತ್ತಾರೆ. ಹೆಡ್‌ಫೋನ್ ಹಾಕಿಕೊಂಡೆ. ಕೇಳಿಸಿಯೇಬಿಟ್ಟಿತು! ಮೈ ಜುಮ್ ಎಂದಿತು.

ಅಮ್ಮನನ್ನು ಕರೆದು ಹೆಡ್‌ಫೋನ್ ಅವರ ಕಿವಿಗೆ ಹಾಕಿದೆ. ಎರಡು ಸಲ ಕೇಳಿದರು. "ಯಾರೋ ಬಾಯಲ್ಲಿ ಎಲೆಅಡಿಕೆ ಇಟ್ಕೊಂಡು ಮಾತಾಡ್ತಿದಾನೆ ಕಣೋ. ಉಗಿದು ಬಂದು ಮಾತಾಡೋಕೆ ಹೇಳು" ಅಂದರು. ಹೋಗಿ ಮಲಗಿದರು.

ಇವತ್ತಿನ ಮಾತು ಆ ಹಾಡಿರುವ ಆಲ್ಬಂ ಬಗ್ಗೆ. ಹೆಸರು 'ಜಿಯೋಗಾಡಿ'. ಮಾಡಿದವರು ಬೋರ್ಡ್ಸ್ ಆಫ್ ಕೆನಡಾ. ಹೆಸರಲ್ಲಿ ಕೆನಡಾ ಇದ್ದರೂ ಇವರು ಸ್ಕಾಟ್ಲೆಂಡಿನವರು. ಇಬ್ಬರೇ, ಮೈಕ್ ಸ್ಯಾಂಡಿಸನ್ ಮತ್ತು ಮಾರ್ಕಸ್ ಇಯೋಯಿನ್. ನ್ಯಾಷನಲ್ ಫಿಲ್ಮ್ ಬೋರ್ಡ್ ಆಫ್ ಕೆನಡಾ ಎಂಬ ಸರ್ಕಾರಿ ಸಂಸ್ಥೆಯ ಹಳೆಯ ಸಾಕ್ಷ್ಯಚಿತ್ರಗಳನ್ನು ನೋಡಿ ಬೆಳೆದವರು. ಅದರಿಂದಲೇ ಈ ಹೆಸರು. ಅವರ ಸಂಗೀತವೂ ಹಾಗೇ ಇದೆ. ಬಿಸಿಲಿಗೆ ಬಿದ್ದು ಸೊಟ್ಟಗಾದ ಕ್ಯಾಸೆಟ್ ಹಾಕಿದರೆ ಸ್ವರ ಜೋಲಾಡುತ್ತದಲ್ಲ, ಅದೇ ಥರ. ನಡುವೆ ಮಕ್ಕಳ ದನಿ, ಯಾರೋ ಎಣಿಸುವ ಅಂಕಿಗಳು, ಪಾಠ ಮಾಡುವ ಗಂಡಸಿನ ಗಂಭೀರ ಕಂಠ. ಹಿತವಾಗಿಯೂ ಇರುತ್ತದೆ, ಒಳಗೊಳಗೇ ಭಯವೂ ಆಗುತ್ತದೆ.

ಆಲ್ಬಂ ಬಂದಿದ್ದು 2002ರ ಫೆಬ್ರವರಿಯಲ್ಲಿ. 23 ಹಾಡು. ಒಟ್ಟು ಉದ್ದ 66 ನಿಮಿಷ 6 ಸೆಕೆಂಡು. ಬೈಬಲ್ಲಿನ ಕೊನೆಯ ಪುಸ್ತಕದಲ್ಲಿ, ಅಂದರೆ ಪ್ರಕಟನೆಯಲ್ಲಿ, 666 ಮೃಗದ ಸಂಖ್ಯೆ. ಸೈತಾನನ ನಂಬರ್ ಎಂದೇ ಜನ ಕರೆಯುವುದು. ಬಿಡುಗಡೆಗೆ ಮೊದಲು ಆಲ್ಬಂ ಕೇಳಿಸಿದ್ದು ಎಲ್ಲಿ ಅಂತೀರಾ? ಬೇರೆ ಬೇರೆ ನಗರಗಳ ಆರು ಚರ್ಚುಗಳಲ್ಲಿ! ಕವರ್ ಮೇಲೆ ಆರು ಮೂಲೆಯ ಆಕಾರಗಳು. ಇವರ ಸ್ಟುಡಿಯೋ ಹೆಸರು ಹೆಕ್ಸಗನ್ ಸನ್, ಅಂದರೆ ಷಟ್ಕೋನ ಸೂರ್ಯ. ಅಭಿಮಾನಿಗಳಿಗೆ ಇನ್ನೇನು ಬೇಕು? ಇಪ್ಪತ್ತು ವರ್ಷ ದಾಟಿದರೂ ಇದನ್ನು ಕೆದಕುವುದು ನಿಂತಿಲ್ಲ. ನಾನೂ ಆ ಗುಂಪಿನವನೇ, ಮುಚ್ಚಿಡುವುದೇನಿದೆ.

ಆದರೆ ಆ 66:06ರ ಹಿಂದಿನ ಕಥೆ ಏನು ಗೊತ್ತಾ? ಅದು ಅವರ ಲೇಬಲ್, ಅಂದರೆ ರೆಕಾರ್ಡ್ ಕಂಪನಿ, ವಾರ್ಪ್‌ನ ಮುಖ್ಯಸ್ಥ ಸ್ಟೀವ್ ಬೆಕೆಟ್ ಹೊಳೆಯಿಸಿದ ತಮಾಷೆಯಂತೆ. ಕೇಳುವವರು 'ಇದು ಸೈತಾನನೇ ಮಾಡಿದ ಆಲ್ಬಂ' ಎಂದು ತಲೆ ಕೆಡಿಸಿಕೊಳ್ಳಲಿ ಅಂತ. ಲೆಕ್ಕ ಸರಿಹೋಗಲು ಕೊನೆಯ ಟ್ರ್ಯಾಕನ್ನು ಪೂರ್ತಿ ಖಾಲಿ ಬಿಟ್ಟಿದ್ದಾರೆ. ಒಂದೂಮುಕ್ಕಾಲು ನಿಮಿಷ ಬರೀ ಮೌನ. ಅದಕ್ಕೂ ಒಂದು ಹೆಸರಿದೆ, 'ಮ್ಯಾಜಿಕ್ ವಿಂಡೋ'. ಆ ಮೌನದ ಅರ್ಥ ಬಿಡಿಸಿದವರೂ ಇದ್ದಾರೆ!

ಹಾಗಾದರೆ ಎಲ್ಲಾ ಸುಮ್ನೆ ತಮಾಷೆನಾ? 'ಸಂಗೀತ ಸಂಗೀತವೇ, ಅರ್ಥ ಹುಡುಕಬೇಡಿ' ಎನ್ನುವವರ ಜೊತೆ ನಾನಿಲ್ಲ. ಯಾಕೆಂದರೆ ಇಲ್ಲಿ ಕೆಲವು ವಿಷಯಗಳನ್ನು ಬೇಕಂತಲೇ ಹೂತಿಟ್ಟಿದ್ದಾರೆ.

ಒಂದು ಟ್ರ್ಯಾಕ್ ಹೆಸರು 'ದ ಸ್ಮಾಲೆಸ್ಟ್ ವಿಯರ್ಡ್ ನಂಬರ್'. ಅತಿ ಚಿಕ್ಕ ವಿಚಿತ್ರ ಸಂಖ್ಯೆ. ಕವಿತೆಯ ಸಾಲಿನ ಥರ ಇದೆ, ಆದರೆ ಇದು ಶುದ್ಧ ಗಣಿತ. ಆ ಸಂಖ್ಯೆ 70. ಪೆನ್ನು ಹಿಡಿಯಿರಿ, ಒಂದೇ ನಿಮಿಷದ ಕೆಲಸ. 70ನ್ನು ಶೇಷವಿಲ್ಲದೆ ಭಾಗಿಸುವ ಸಂಖ್ಯೆಗಳು ಯಾವುವು? 70ನ್ನು ಬಿಟ್ಟರೆ 1, 2, 5, 7, 10, 14, 35. ಕೂಡಿಸಿ, 74 ಬರುತ್ತದೆ. 70ಕ್ಕಿಂತ ನಾಲ್ಕು ಜಾಸ್ತಿ. ಈಗ ಇವುಗಳಲ್ಲಿ ಕೆಲವನ್ನು ತೆಗೆದು ಸರಿಯಾಗಿ 70 ಮಾಡಿ ನೋಡೋಣ. ಅಂದರೆ ನಾಲ್ಕನ್ನು ತೆಗೆಯಬೇಕು. 1 ಮತ್ತು 2 ಸೇರಿದರೆ 3. ಅದರ ಮುಂದಿನದೇ 5. ನಾಲ್ಕು ಆಗುವುದೇ ಇಲ್ಲ! ಬೇಕಾದ್ದಕ್ಕಿಂತ ಜಾಸ್ತಿ ಇದೆ, ಆದರೂ ಬೇಕಾದಷ್ಟು ಎತ್ತಿಕೊಡಲು ಆಗುವುದಿಲ್ಲ. ಅದಕ್ಕೇ ಅದು ವಿಚಿತ್ರ ಸಂಖ್ಯೆ. ಈ ಅಣ್ಣತಮ್ಮಂದಿರ ಸ್ವಂತ ಲೇಬಲ್ ಹೆಸರು? ಮ್ಯೂಸಿಕ್70. ಇದು ಕಿವಿಯ ಭ್ರಮೆ ಅಲ್ಲ. ಕಣ್ಣು ಮಿಟುಕಿಸಿ ಇಟ್ಟ ಒಗಟು.

ಅಣ್ಣತಮ್ಮ ಅಂದೆ ಅಲ್ವಾ? ಅದೇ ಮಜಾ. ಅವರಿಬ್ಬರು ಒಡಹುಟ್ಟಿದವರು ಎಂಬುದು ಜನಕ್ಕೆ ಗೊತ್ತಾಗಿದ್ದು 2005ರಲ್ಲಿ, ಒಂದು ಸಂದರ್ಶನದಲ್ಲಿ. ಮಾರ್ಕಸ್ ಮನೆತನದ ಹೆಸರು ಬಿಟ್ಟಿದ್ದರು, ಅಷ್ಟೇ. ಆರ್ಬಿಟಲ್ ಎಂಬ ಇನ್ನೊಂದು ಅಣ್ಣತಮ್ಮಂದಿರ ಬ್ಯಾಂಡಿಗೆ ಹೋಲಿಸಬಾರದು ಅಂತ. ಇತ್ತ ಜಗತ್ತಿನ ಅಭಿಮಾನಿಗಳೆಲ್ಲ ಹಾಡು ತಿರುಗಿಸಿ ಸೈತಾನನನ್ನು ಹುಡುಕುತ್ತಿದ್ದರೆ, ಇಷ್ಟು ಸರಳ ಗುಟ್ಟು ಫೋಟೋದಲ್ಲೇ ನಿಂತಿತ್ತು.

ಈಗ ಭಾರದ ವಿಷಯಕ್ಕೆ ಬರುತ್ತೇನೆ. '1969' ಎಂಬ ಟ್ರ್ಯಾಕಿನಲ್ಲಿ ಯಂತ್ರದ ಹಾಗೆ ತಿರುಚಿದ ದನಿಯಲ್ಲಿ ಒಂದು ಸಾಲು ಇದೆ. ಡೇವಿಡ್ ಕೊರೆಶ್‌ನ ಹಿಂಬಾಲಕಿ ಅಲ್ಲದಿದ್ದರೂ ಬ್ರಾಂಚ್ ಡೇವಿಡಿಯನ್ ಪಂಥದ ಮೇಲೆ ಅಪಾರ ಶ್ರದ್ಧೆ ಇರುವ ಹೆಂಗಸಿನ ಬಗ್ಗೆ. ಈ ಕೊರೆಶ್ ಅಮೆರಿಕದ ಟೆಕ್ಸಸ್‌ನಲ್ಲಿ, ವೇಕೋ ಊರಿನ ಹತ್ತಿರ ಆ ಪಂಥ ನಡೆಸುತ್ತಿದ್ದವನು. 1993ರ ಫೆಬ್ರವರಿ 28ರಂದು ಸರ್ಕಾರದ ಏಜೆಂಟರು ದಾಳಿ ಮಾಡಿದರು. ಮುತ್ತಿಗೆ 51 ದಿನ ನಡೆಯಿತು. ಏಪ್ರಿಲ್ 19ರಂದು ಬೆಂಕಿ ಬಿತ್ತು. ಮಕ್ಕಳೂ ಸೇರಿ 70ಕ್ಕೂ ಹೆಚ್ಚು ಜನ ಸತ್ತರು. ಈ ಬ್ಯಾಂಡಿಗೆ ಇದು ಹೊಸ ವಿಷಯವಲ್ಲ. 2000ದಲ್ಲಿ ಬಂದ ಅವರ ಸಣ್ಣ ರೆಕಾರ್ಡಿನಲ್ಲಿ ಒಂದು ಹಾಡಿಗೆ ಅದೇ ಪಂಥದ ಅಮೋ ಬಿಷಪ್ ರೋಡನ್ ಎಂಬ ಹೆಂಗಸಿನ ಹೆಸರು. ಇನ್ನೊಂದರಲ್ಲಿ, ಹಳ್ಳಿ ಕಡೆಯ ಚೆಂದದ ಜಾಗದಲ್ಲಿ ಒಂದು ಧಾರ್ಮಿಕ ಸಮುದಾಯದ ಜೊತೆ ಬಾಳಲು ಬನ್ನಿ ಎಂದು ಇಂಪಾಗಿ ಕರೆಯುವ ದನಿ. ಗೊತ್ತಿಲ್ಲದೆ ಕೇಳಿದರೆ ರಿಸಾರ್ಟ್ ಜಾಹೀರಾತು ಅನ್ನಬೇಕು.

ಎಲ್ಲರೂ ಇಲ್ಲಿಗೆ ನಿಲ್ಲುತ್ತಾರೆ. 'ನೋಡಿ, ಪಂಥದ ಆಲ್ಬಂ' ಅಂತ. ನನ್ನ ವಾದ ಇಲ್ಲಿಂದ ಶುರುವಾಗುತ್ತದೆ. ಕೊರೆಶ್ ಜನರನ್ನು ಹಿಡಿದಿಟ್ಟಿದ್ದು ಹೇಗೆ? ಅರ್ಥ ಬಿಡಿಸಿ! ಪ್ರಕಟನೆ ಪುಸ್ತಕದಲ್ಲಿ ಏಳು ಮುದ್ರೆಗಳ ಸುರುಳಿಯ ಕಥೆ ಬರುತ್ತದೆ. ಆ ಮುದ್ರೆ ಒಡೆದು ಓದಬಲ್ಲವನು ತಾನೊಬ್ಬನೇ ಎಂಬುದು ಅವನ ಬೋಧನೆ. ಗಂಟೆಗಟ್ಟಲೆ ಕೂರಿಸಿಕೊಂಡು ಈ ಸಾಲಿಗೆ ಆ ಸಾಲು ಜೋಡಿಸುತ್ತಿದ್ದ. ಮುತ್ತಿಗೆಯ ಕೊನೆಯ ದಿನಗಳಲ್ಲೂ ಮುದ್ರೆಗಳ ವ್ಯಾಖ್ಯಾನ ಬರೆಯುತ್ತಿದ್ದ. ಮೊದಲನೆಯದು ಮುಗಿದಿತ್ತು. ಬೆಂಕಿಯಿಂದ ಪಾರಾದ ಹೆಂಗಸೊಬ್ಬಳು ಅದರ ಡಿಸ್ಕ್ ಹೊರಗೆ ತಂದಳು.

ಈಗ ಆಲ್ಬಂ ತಿರುಗಿ ನೋಡಿ. 66:06, ಪ್ರಕಟನೆಯಿಂದ. 'ಆಲ್ಫಾ ಅಂಡ್ ಒಮೆಗಾ' ಎಂಬ ಟ್ರ್ಯಾಕ್, ಆ ಮಾತೂ ಪ್ರಕಟನೆಯದೇ. ನಡುವೆ ಕೊರೆಶ್. ಅಲ್ಲಲ್ಲಿ ಬಿದ್ದಿರುವ ಅಂಕಿ, ತಿರುಗುಮುರುಗು ಮಾತು, ಗಣಿತದ ಒಗಟು. ನನಗನ್ನಿಸುವುದು ಇಷ್ಟು. ಇದು ಉತ್ತರ ಅಡಗಿಸಿಟ್ಟ ಪೆಟ್ಟಿಗೆ ಅಲ್ಲ. ಗುಟ್ಟು ಇದೆ ಎಂದಾಕ್ಷಣ ನಾವು ಹೇಗಾಗುತ್ತೇವೆ, ಅದೇ ಇದರ ವಿಷಯ. ರಾತ್ರಿ ಹನ್ನೊಂದಕ್ಕೆ ಕೂತು ಹಾಡು ತಿರುಗಿಸುವ ನನ್ನಂಥವನೇ ಈ ಆಲ್ಬಮ್ಮಿನ ಪಾತ್ರ.

ಬೆಡಗಿನ ವಚನ ಓದಿದವರಿಗೆ ಈ ಪೇಚು ಗೊತ್ತು. ಅಲ್ಲಮನ ಸಾಲು ಓದಿ ಬೆರಗಾಗುತ್ತೇವೆ. ಆಮೇಲೆ ಅರ್ಥ ಹೇಳುವ ಟೀಕೆ ತೆರೆದರೆ ಕೋತಿ ಅಂದರೆ ಮನಸ್ಸು, ಮನೆ ಅಂದರೆ ದೇಹ ಎಂದು ಪಟ್ಟಿ ಸಿಗುತ್ತದೆ. ಅರ್ಥವೇನೋ ಸಿಕ್ಕಿತು. ಆದರೆ ಆ ಕೋತಿ ಎಲ್ಲಿ ಹೋಯಿತು? ನನಗೆ ಕೋತಿ ಬೇಕಿತ್ತು!

ಒಂದು ಉದಾಹರಣೆ ಕೊಡುತ್ತೇನೆ. 'ಸನ್‌ಶೈನ್ ರೆಕಾರ್ಡರ್' ಎಂಬ ಟ್ರ್ಯಾಕ್ ಇದೆ. ನಾನು ಇದನ್ನು ಬಹಳ ದಿನ ಕವಿಕಲ್ಪನೆ ಅಂದುಕೊಂಡಿದ್ದೆ. ಅದು ನಿಜವಾದ ಉಪಕರಣ, ನಮ್ಮ ಹವಾಮಾನ ಕೇಂದ್ರಗಳಲ್ಲೂ ಇದೆ. ಒಮ್ಮೆ ಕೃಷಿ ಮೇಳಕ್ಕೆ ಹೋದಾಗ ನೋಡಿದೆ. ತಂತಿ ಬೇಲಿಯೊಳಗೆ ಮಳೆಮಾಪಕ, ಬಿಳಿ ಪೆಟ್ಟಿಗೆ, ಪಕ್ಕದ ಕಟ್ಟೆಯ ಮೇಲೆ ಕಿತ್ತಳೆ ಹಣ್ಣಿಗಿಂತ ದೊಡ್ಡ ಗಾಜಿನ ಗೋಲಿ. ಅದರ ಹಿಂದೆ ಗಂಟೆಗಳ ಗುರುತಿರುವ ಕಾರ್ಡಿನ ಪಟ್ಟಿ. ಬಿಸಿಲು ಗೋಲಿಯೊಳಗೆ ಹಾದು ಕಾರ್ಡನ್ನು ಸುಡುತ್ತದೆ. ಸೂರ್ಯ ಸರಿದಂತೆ ಸುಟ್ಟ ಗೆರೆಯೂ ಸರಿಯುತ್ತದೆ. ಮೋಡ ಬಂದರೆ ಗೆರೆ ತುಂಡಾಗುತ್ತದೆ. ಸಂಜೆ ಕಾರ್ಡ್ ತೆಗೆದು ಸುಟ್ಟ ಉದ್ದ ಅಳೆದರೆ ಇವತ್ತು ಎಷ್ಟು ಹೊತ್ತು ಬಿಸಿಲಿತ್ತು ಅಂತ ಗೊತ್ತಾಗುತ್ತದೆ. ಬೆಳಕು ತನ್ನ ದಾಖಲೆಯನ್ನು ಸುಟ್ಟೇ ಬರೆಯುತ್ತದೆ. ಸ್ಟುಡಿಯೋ ಹೆಸರು ಷಟ್ಕೋನ ಸೂರ್ಯ, ವೇಕೋದಲ್ಲಿ ಬೆಂಕಿ...

ನೋಡಿದಿರಾ? ಶುರುವಾಯಿತು. ಈಗತಾನೇ ಅರ್ಥದ ಪಟ್ಟಿ ಬೇಡ ಅಂದವನು ನಾನೇ!

ಇವರಿಗೂ ನಮ್ಮ ಚಟ ಚೆನ್ನಾಗಿ ಗೊತ್ತು. 2013ರಲ್ಲಿ ಹೊಸ ಆಲ್ಬಂ ತರುವಾಗ ನೇರವಾಗಿ ಜಾಹೀರಾತು ಕೊಡಲಿಲ್ಲ. ಆರಾರು ಅಂಕಿಯ ಆರು ತುಂಡುಗಳನ್ನು ಅಲ್ಲಲ್ಲಿ ಬಚ್ಚಿಟ್ಟರು. ಮೊದಲ ತುಂಡು ರೆಕಾರ್ಡ್ ಅಂಗಡಿಗಳ ಹಬ್ಬವಾದ ರೆಕಾರ್ಡ್ ಸ್ಟೋರ್ ಡೇ ದಿನ ನ್ಯೂಯಾರ್ಕಿನ ಅಂಗಡಿಯಲ್ಲಿ, ಹೆಸರೇ ಇಲ್ಲದಂಥ ರೆಕಾರ್ಡಿನಲ್ಲಿ ಸಿಕ್ಕಿತು. ಅಭಿಮಾನಿಗಳು ಎಲ್ಲ ಜೋಡಿಸಿದರು. ಒಂದು ವೆಬ್‌ಸೈಟಿನ ಬಾಗಿಲು ತೆರೆಯಿತು. ಒಳಗೆ ಏನಿತ್ತು? ಆಲ್ಬಂ ಬರುತ್ತಿದೆ ಎಂಬ ಸುದ್ದಿ! ನನಗೆ ಅದು ಅವರ ಅತ್ಯುತ್ತಮ ಜೋಕ್.

ಹೊಸದಾಗಿ ಕೇಳುವವರು ತಿರುಗಿಸಲು ಹೋಗಬೇಡಿ, ಮೊದಲು ನೇರವಾಗಿ ಕೇಳಿ. 'ಮ್ಯೂಸಿಕ್ ಈಸ್ ಮ್ಯಾಥ್'ನಿಂದ ಶುರು ಮಾಡಿ. 'ದ ಡೆವಿಲ್ ಈಸ್ ಇನ್ ದ ಡೀಟೇಲ್ಸ್' ಮಾತ್ರ ರಾತ್ರಿ ಒಬ್ಬರೇ ಇದ್ದಾಗ ಬೇಡ. ಸಮಾಧಾನ ಮಾಡಿಕೊಳ್ಳಿ ಎಂದು ಒಂದು ದನಿ ಮೆಲ್ಲಗೆ ಹೇಳುತ್ತಿದ್ದರೆ ಹಿಂದೆ ಮಗು ಅಳುತ್ತಿರುತ್ತದೆ. ನನಗೆ ಇಂದಿಗೂ ಅದನ್ನು ಪೂರ್ತಿ ಕೇಳಲು ಆಗಿಲ್ಲ.

ಆ ರಾತ್ರಿ ನಾನು ಕೊನೆಯ ಮೌನದ ಟ್ರ್ಯಾಕನ್ನೂ ಬಿಡಲಿಲ್ಲ. ಏನಾದರೂ ಪಿಸುಗುಟ್ಟುತ್ತಿರಬಹುದು ಅಂತ ವಾಲ್ಯೂಮ್ ಪೂರ್ತಿ ಏರಿಸಿದೆ. ಫ್ರಿಜ್ಜಿನ ಗುಂಯ್ ಸದ್ದು ಕೇಳಿಸಿತು. ಬೀದಿಯಲ್ಲಿ ಒಂದು ನಾಯಿ. ನನ್ನದೇ ಉಸಿರು. ಒಂದೂಮುಕ್ಕಾಲು ನಿಮಿಷ ಮುಗಿಯಿತು. ಆಪ್ ತಾನಾಗಿ ಇನ್ಯಾವುದೋ ಹಾಡಿಗೆ ಹಾರಿತು. ಅದೂ ಫುಲ್ ಸೌಂಡಿನಲ್ಲಿ. ಅಯ್ಯಪ್ಪಾ ಎಂದು ಚೀರಿ ಹೆಡ್‌ಫೋನ್ ಕಿತ್ತೆಸೆದೆ.

ಒಳಗಿನಿಂದ ಅಮ್ಮ ಕೇಳಿದರು, "ಏನೋ, ಉಗಿದು ಬಂದ್ನಾ ಅವನು?"