ಮಲೆನಾಡಿನ ಹಳೇ ಮನೆ, ಮಳೆ ಮತ್ತು ಕರೆಂಟು

ಎಲ್ಲರಿಗೂ ನಮಸ್ಕಾರ. ಮೂಡಿಗೆರೆ, ಕೊಪ್ಪ, ಸಕಲೇಶಪುರ ಕಡೆಯಿಂದೆಲ್ಲ ಬಂದಿದ್ದೀರಿ. ನಿಮ್ಮಲ್ಲಿ ಹೆಚ್ಚಿನವರದು ಹೆಂಚಿನ ಮನೆ, ಮರದ ಅಟ್ಟ, ದಪ್ಪ ಮಣ್ಣಿನ ಗೋಡೆ. ಹಾಗಾಗಿ ನೇರ ವಿಷಯಕ್ಕೆ ಬರುತ್ತೇನೆ.

ಈ ಮನೆಗಳಿಗೆ ವೈರಿಂಗ್ ಮಾಡಿದಾಗ ಮನೆಯಲ್ಲಿ ಇದ್ದದ್ದು ನಾಲ್ಕಾರು ಬಲ್ಬು, ಒಂದು ರೇಡಿಯೊ. ನೀರು ಕಾಯುತ್ತಿದ್ದದ್ದು ಬಚ್ಚಲ ಹಂಡೆಯಲ್ಲಿ. ಈಗ ಅದೇ ವೈರಿನ ಮೇಲೆ ಗೀಸರ್, ರೂಮ್ ಹೀಟರ್, ಇಂಡಕ್ಷನ್ ಒಲೆ, ವಾಷಿಂಗ್ ಮೆಷಿನ್ ಎಲ್ಲ ಬಂದು ಕೂತಿವೆ. ಲೆಕ್ಕ ಹಾಕಿ. 2000 ವ್ಯಾಟಿನ ಒಂದು ಗೀಸರ್ 230 ವೋಲ್ಟಿನಲ್ಲಿ ಸುಮಾರು 8.7 ಆಂಪಿಯರ್ ಎಳೆಯುತ್ತದೆ. ಮನೆಯನ್ನು ಹೋಂಸ್ಟೇ ಮಾಡಿ ಮೂರು ರೂಮಿಗೆ ಮೂರು ಗೀಸರ್ ಹಾಕಿದ್ದೀರಿ ಅಂತಿಟ್ಟುಕೊಳ್ಳಿ. ಡಿಸೆಂಬರ್ ಬೆಳಗ್ಗೆ ಎಲ್ಲ ಅತಿಥಿಗಳೂ ಒಟ್ಟಿಗೆ ಸ್ನಾನಕ್ಕೆ ಹೊರಟರೆ 26 ಆಂಪಿಯರ್. ಹಳೆಯ 3/22 ವೈರ್ ಅಂದರೆ ಇವತ್ತಿನ ಅಳತೆಯಲ್ಲಿ ಸುಮಾರು 1.2 ಚದರ ಮಿಲಿಮೀಟರ್ ತಾಮ್ರ. ಅದು ಬಲ್ಬಿಗೆ ಸರಿ, ಗೀಸರಿಗೆ ಅಲ್ಲ. ಅದರ ಮೇಲಿನ ರಬ್ಬರು ಒಣಗಿ ಪುಡಿಯಾಗಿರುತ್ತದೆ, ಅಟ್ಟದಲ್ಲಿ ಇಲಿ, ಅಳಿಲು ಕಡಿದಿರುತ್ತವೆ, ಪಕ್ಕದಲ್ಲೇ ಒಣ ಮರ. ಬೆಂಕಿಗೆ ಇನ್ನೇನು ಬೇಕು?

ಫ್ಯೂಸ್ ಇದೆಯಲ್ಲ ಅನ್ನುತ್ತೀರಿ. ಪಿಂಗಾಣಿಯ ಆ ಕಿಟ್‌ಕ್ಯಾಟ್ ಫ್ಯೂಸ್ ಒಮ್ಮೆ ತೆಗೆದು ನೋಡಿ. ಮಳೆಗಾಲದ ಯಾವುದೋ ರಾತ್ರಿ ಫ್ಯೂಸ್ ಹೋದಾಗ, ಫ್ಯೂಸ್ ವೈರ್ ಸಿಗದೆ, ಯಾರೋ ದಪ್ಪ ತಾಮ್ರದ ಎಳೆ ಸುತ್ತಿರುತ್ತಾರೆ. ಆಮೇಲೆ ಅದು ಹೋಗುವುದೇ ಇಲ್ಲ. ಮನೆಯವರಿಗೆ ಅದೇ ನೆಮ್ಮದಿ. ಆದರೆ ಅಲ್ಲಿಂದ ಮುಂದೆ ಓವರ್‌ಲೋಡ್ ಆದರೆ ಬಿಸಿಯಾಗುವುದು ಗೋಡೆಯ ಮೇಲಿನ ವೈರು.

ಸರಿ, ಫ್ಯೂಸಿನ ಬದಲು ಎಂಸಿಬಿ, ಅಂದರೆ ಕರೆಂಟ್ ಜಾಸ್ತಿ ಹರಿದರೆ ತಾನೇ ಬಿದ್ದು ಲೈನ್ ಕಟ್ ಮಾಡುವ ಸ್ವಿಚ್, ಹಾಕಿಸಿದಿರಿ. ಒಳ್ಳೆಯದು. ಆದರೆ ನಾನು ಇವತ್ತು ಮುಖ್ಯವಾಗಿ ಹೇಳಬೇಕಾದ ಮಾತು ಇಲ್ಲೇ ಇದೆ, ದಯವಿಟ್ಟು ಗಮನ ಕೊಡಿ. ಎಂಸಿಬಿ ಕಾಪಾಡುವುದು ವೈರನ್ನು. ನಿಮ್ಮನ್ನಲ್ಲ. 16 ಆಂಪಿಯರಿನ ಎಂಸಿಬಿ ಬೀಳಬೇಕಾದರೆ ಅಷ್ಟಕ್ಕಿಂತ ಜಾಸ್ತಿ ಕರೆಂಟ್ ಹರಿಯಬೇಕು. ಮನುಷ್ಯನ ಎದೆಯ ಮೂಲಕ ಹರಿದರೆ ಅದರ ಐನೂರನೇ ಒಂದು ಪಾಲೇ ಪ್ರಾಣಕ್ಕೆ ಅಪಾಯ. ಮನುಷ್ಯರನ್ನು ಕಾಪಾಡಲು ಬೇಕಾದದ್ದು ಆರ್‌ಸಿಸಿಬಿ, ಅಂಗಡಿಯಲ್ಲಿ ಕೆಲವರು ಇದನ್ನೇ ಇಎಲ್‌ಸಿಬಿ ಅನ್ನುತ್ತಾರೆ. ಫೇಸಿನಲ್ಲಿ ಹೋದ ಕರೆಂಟು ನ್ಯೂಟ್ರಲ್‌ನಲ್ಲಿ ಅಷ್ಟೇ ವಾಪಸ್ ಬರುತ್ತಿದೆಯಾ ಅಂತ ಅದು ಸದಾ ನೋಡುತ್ತಿರುತ್ತದೆ. ನಡುವೆ ಎಲ್ಲೋ ಒದ್ದೆ ಗೋಡೆಯಲ್ಲೋ ಯಾರದೋ ಮೈಯಲ್ಲೋ ಸ್ವಲ್ಪ ಸೋರಿದರೆ ಕ್ಷಣದಲ್ಲಿ ಲೈನ್ ಕಟ್ ಮಾಡುತ್ತದೆ. ಮನೆಗೆ 30 ಮಿಲಿಆಂಪಿಯರಿನದು ಕೇಳಿ ತೆಗೆದುಕೊಳ್ಳಿ. ಮಾಮೂಲಿ ಸೈಜಿನದಾದರೆ ಒಂದು ಗೀಸರಿಗಿಂತ ಕಡಿಮೆ ಬೆಲೆ. ಒಂದು ಕೈಯಲ್ಲಿ ಫೇಸ್, ಇನ್ನೊಂದರಲ್ಲಿ ನ್ಯೂಟ್ರಲ್ ಹಿಡಿದರೆ ಮಾತ್ರ ಅದೂ ಕಾಪಾಡಲಾರದು, ಅದು ನೆನಪಿರಲಿ.

ನಮ್ಮ ಕಡೆ ಏನಾಗುತ್ತದೆ ಅಂದರೆ, ಜೂನ್‌ನಲ್ಲಿ ಮಳೆ ಹಿಡಿದ ಕೂಡಲೇ ಈ ಆರ್‌ಸಿಸಿಬಿ ಪದೇ ಪದೇ ಬೀಳತೊಡಗುತ್ತದೆ. ರಾತ್ರಿ ಫ್ರಿಜ್ ಆಫ್, ಬೆಳಗ್ಗೆ ಬಿಸಿನೀರಿಲ್ಲ, ಎಲ್ಲರಿಗೂ ಸಿಟ್ಟು. ಯಾರನ್ನೋ ಕರೆಸಿ ಬೈಪಾಸ್ ಮಾಡಿಸುತ್ತಾರೆ. ಖಂಡಿತ ಹಾಗೆ ಮಾಡಬೇಡಿ! ಅದು ಬೀಳುತ್ತಿದೆ ಅಂದರೆ ಹೆಚ್ಚಾಗಿ ಎಲ್ಲೋ ನಿಜವಾಗಿಯೂ ಸೋರುತ್ತಿದೆ. ಎಲ್ಲ ಎಂಸಿಬಿ ಆಫ್ ಮಾಡಿ, ಆರ್‌ಸಿಸಿಬಿ ಮೇಲೆತ್ತಿ, ಒಂದೊಂದಾಗಿ ಆನ್ ಮಾಡುತ್ತಾ ಬನ್ನಿ. ಯಾವುದಕ್ಕೆ ಬಿತ್ತೋ ಆ ಲೈನಿನಲ್ಲಿ ಹುಡುಕಿ. ಗೀಸರಿನ ಕಾಯಿಲ್, ಅಂಗಳದ ಬಲ್ಬಿನ ಹೋಲ್ಡರ್, ಬಾವಿಯ ಪಂಪು, ಸಾಮಾನ್ಯವಾಗಿ ಇವೇ. ಎಲ್ಲ ಆಫ್ ಇದ್ದರೂ ಬಿದ್ದರೆ ನ್ಯೂಟ್ರಲ್ ಎಲ್ಲೋ ಅರ್ಥ್‌ಗೆ, ಅಂದರೆ ನೆಲಕ್ಕೆ, ತಾಗಿದೆ ಅಂತ. ಆಗ ಪ್ಲಗ್ಗುಗಳನ್ನೂ ಕಿತ್ತು ನೋಡಬೇಕು. ಇನ್ವರ್ಟರ್ ಹಾಕುವಾಗ ಅದರ ನ್ಯೂಟ್ರಲನ್ನು ಮನೆಯ ನ್ಯೂಟ್ರಲ್ ಜೊತೆ ಎಲ್ಲೆಂದರಲ್ಲಿ ಸೇರಿಸಿದ್ದರೂ ಹೀಗಾಗುತ್ತದೆ, ಅಂಥದಕ್ಕೆ ಎಲೆಕ್ಟ್ರಿಷಿಯನ್ನನ್ನೇ ಕರೆಸಿ. ದುಡ್ಡಿದ್ದರೆ ಬಚ್ಚಲಿಗೆ, ಹೊರಗಿನ ಲೈನಿಗೆ ಬೇರೆ ಬೇರೆ ಆರ್‌ಸಿಸಿಬಿ ಹಾಕಿಸಿ. ಪಂಪು ಸೋರಿದ್ದಕ್ಕೆ ಇಡೀ ಮನೆ ಕತ್ತಲಾಗುವುದಿಲ್ಲ.

ಇನ್ನು ಅರ್ಥಿಂಗ್, ಅಂದರೆ ಸೋರಿದ ಕರೆಂಟನ್ನು ನೆಲಕ್ಕೆ ಇಳಿಸುವ ವ್ಯವಸ್ಥೆ. ಹಳೇ ಮನೆಗಳಲ್ಲಿ ಅರ್ಥ್ ವೈರನ್ನು ನಲ್ಲಿಯ ಕಬ್ಬಿಣದ ಪೈಪಿಗೆ ಸುತ್ತಿರುತ್ತಿದ್ದರು. ಆಮೇಲೆ ಪೈಪು ತುಕ್ಕು ಹಿಡಿದು ಪಿವಿಸಿ ಹಾಕಿಸಿದಿರಿ. ಅಲ್ಲಿಗೆ ಅರ್ಥಿಂಗ್ ಹೋಯಿತು, ಯಾರಿಗೂ ಗೊತ್ತೇ ಆಗಲಿಲ್ಲ. ಅದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಮೂರು ಪಿನ್ನಿನ ಸಾಕೆಟ್ಟಿನಲ್ಲಿ ಮೇಲಿನ ದೊಡ್ಡ ತೂತಿಗೆ ನ್ಯೂಟ್ರಲ್‌ನಿಂದಲೇ ಒಂದು ತುಂಡು ವೈರ್ ಕೊಟ್ಟುಬಿಡುತ್ತಾರೆ. ಹಿಂದೆ ಎಲ್ಲೋ ಆ ನ್ಯೂಟ್ರಲ್ ಕಟ್ ಆದರೆ ಗೀಸರಿನ ಬಾಡಿಗೇ 230 ವೋಲ್ಟ್ ಬರುತ್ತದೆ. ಒದ್ದೆ ಕಾಲಲ್ಲಿ ನಿಂತ ಮಗು ನಲ್ಲಿ ಮುಟ್ಟಿದರೆ ಏನಾಗುತ್ತದೆ ಅಂತ ನಾನು ಬಿಡಿಸಿ ಹೇಳಬೇಕಾಗಿಲ್ಲ ಅಲ್ವಾ? ಮನೆಯ ಹೊರಗೆ ಸರಿಯಾದ ಅರ್ಥ್ ಗುಂಡಿ ಮಾಡಿಸಿ, ಅಲ್ಲಿಂದ ಪ್ರತಿ ಸಾಕೆಟ್ಟಿಗೂ ಹಸಿರು ವೈರ್ ಎಳೆಸಿ. ಅರ್ಥ್ ಟೆಸ್ಟ್ ಮಾಡಿಸುವುದಾದರೆ ಮಾರ್ಚ್, ಏಪ್ರಿಲ್‌ನಲ್ಲಿ ಮಾಡಿಸಿ. ಆಗಸ್ಟಿನಲ್ಲಿ ನಮ್ಮ ಮಣ್ಣು ನೀರು ಕುಡಿದಿರುತ್ತದೆ, ಕೆಟ್ಟ ಅರ್ಥಿಂಗೂ ಚೆನ್ನಾಗಿಯೇ ಕಾಣುತ್ತದೆ.

ಹೊಸ ವೈರಿಂಗಿಗೆ ಅಂತ ಮಣ್ಣಿನ ಗೋಡೆ ಕೊರೆಸಬೇಡಿ. ಗೋಡೆಯ ಮೇಲೇ ಪಿವಿಸಿ ಪೈಪಿನಲ್ಲಿ ಎಳೆಸಬಹುದು. ಲೈಟಿಗೆ 1.5, ಸಾಕೆಟ್ಟಿಗೆ 2.5, ಗೀಸರಿಗೆ 4 ಚದರ ಮಿಲಿಮೀಟರ್ ವೈರ್, ಒಂದೊಂದು ಗೀಸರಿಗೂ ಬೋರ್ಡಿನಿಂದ ಬೇರೆಯೇ ಲೈನು. ಹೀಟರನ್ನು ಎಕ್ಸ್‌ಟೆನ್ಷನ್ ಬೋರ್ಡಿಗೆ ಹಾಕಲೇಬೇಡಿ. ಬಕೆಟ್ಟಿಗೆ ಇಳಿಬಿಡುವ ಕಾಯಿಲ್ ಇಟ್ಟುಕೊಂಡವರು ಪ್ಲಗ್ ಕಿತ್ತ ಮೇಲೇ ನೀರಿಗೆ ಕೈ ಹಾಕಿ. ಮಳೆಗಾಲದಲ್ಲಿ ಜಗಲಿಯಲ್ಲಿ ಬಟ್ಟೆ ಒಣಗಿಸಲು ತಂತಿ ಕಟ್ಟುತ್ತೀರಲ್ಲ, ಅದನ್ನು ಬಿಚ್ಚಿ ನೈಲಾನ್ ಹಗ್ಗ ಕಟ್ಟಿ. ಕಂಬದಿಂದ ಮನೆಗೆ ಬರುವ ಸರ್ವಿಸ್ ವೈರಿನ ಸಿಪ್ಪೆ ಹೋಗಿ ಆ ತಂತಿಗೆ ತಾಗಿದರೆ ಒದ್ದೆ ಬಟ್ಟೆ ಹರವಲು ಹೋದವರ ಕೈಗೇ ಕರೆಂಟು.

ಜನರೇಟರ್ ಇರುವ ಎಸ್ಟೇಟ್ ಮನೆಯವರಿಗೆ ಒಂದು ಮಾತು. ಗಾಳಿಮಳೆಗೆ ಮರ ಬಿದ್ದು ದಿನಗಟ್ಟಲೆ ಕರೆಂಟ್ ಇಲ್ಲದಾಗ ಕೆಲವರು ಜನರೇಟರ್ ವೈರನ್ನು ಸುಮ್ನೆ ಸಾಕೆಟ್ಟಿಗೆ ಚುಚ್ಚುತ್ತಾರೆ. ಮೇನ್ ಆಫ್ ಮಾಡುವುದು ಮರೆತರೆ ಆ ಕರೆಂಟು ಹಿಂದಕ್ಕೆ ಹೋಗಿ ಟ್ರಾನ್ಸ್‌ಫಾರ್ಮರಿನಲ್ಲಿ ವೋಲ್ಟೇಜ್ ಏರಿ ಲೈನಿಗೆ ಬರುತ್ತದೆ. ಅಲ್ಲಿ ಕಂಬದ ಮೇಲೆ ಮಳೆಯಲ್ಲಿ ನೆನೆಯುತ್ತಾ ನಿಮ್ಮ ಮನೆಗೇ ಕರೆಂಟು ಕೊಡಲು ಹತ್ತಿದ ಲೈನ್‌ಮನ್ ಇರುತ್ತಾರೆ. ಮನೆಗೆ ಲೈನ್ ಅಥವಾ ಜನರೇಟರ್, ಎರಡರಲ್ಲಿ ಒಂದನ್ನು ಮಾತ್ರ ಸೇರಿಸುವ ಚೇಂಜ್‌ಓವರ್ ಸ್ವಿಚ್ ಇಲ್ಲದೆ ಜನರೇಟರ್ ಸ್ಟಾರ್ಟ್ ಮಾಡಬೇಡಿ, ಇದರಲ್ಲಿ ರಿಯಾಯಿತಿ ಇಲ್ಲ.

ಎಲ್ಲ ಒಟ್ಟಿಗೆ ಮಾಡಿಸಲು ದುಡ್ಡು ಸಾಲದಿದ್ದರೆ ಮೊದಲು ಅರ್ಥಿಂಗ್ ಮತ್ತು ಆರ್‌ಸಿಸಿಬಿ, ಆಮೇಲೆ ಬಚ್ಚಲು ಮತ್ತು ಅಡುಗೆಮನೆಯ ಲೈನು, ಕೊನೆಗೆ ಉಳಿದದ್ದು. ಲೈಸೆನ್ಸ್ ಇರುವ ಗುತ್ತಿಗೆದಾರರಿಂದಲೇ ಮಾಡಿಸಿ. ಗೀಸರ್ ಜಾಸ್ತಿ ಮಾಡಿದ್ದರೆ ಮಂಜೂರಾದ ಲೋಡನ್ನೂ ಹೆಚ್ಚಿಸಿಕೊಳ್ಳಿ. ಚಿಕ್ಕಮಗಳೂರಿನವರು ಮೆಸ್ಕಾಂಗೆ, ಹಾಸನದವರು ಚೆಸ್ಕಾಂಗೆ ಅರ್ಜಿ ಕೊಡಬೇಕು. ತಂತಿ ಹರಿದು ಬಿದ್ದದ್ದು ಕಂಡರೆ ಹತ್ತಿರ ಹೋಗದೆ, ಯಾರನ್ನೂ ಬಿಡದೆ, 1912ಕ್ಕೆ ಫೋನ್ ಮಾಡಿ.

ಆರ್‌ಸಿಸಿಬಿ ಇರುವವರು ಅದರ ಮೇಲಿನ ಟೆಸ್ಟ್ ಬಟನ್ನನ್ನು ಇವತ್ತು ಮನೆಗೆ ಹೋಗಿ ಒತ್ತಿ ನೋಡಿ, ಬೀಳದಿದ್ದರೆ ನಾಳೆಯೇ ಬದಲಿಸಿ. ಮೊಬೈಲಿನಲ್ಲಿ ನಿಮ್ಮ ಮನೆಯ ಮೇನ್ ಬೋರ್ಡಿನ ಫೋಟೊ ಇದ್ದರೆ ಮುಂದೆ ಬನ್ನಿ, ಒಂದೊಂದಾಗಿ ನೋಡೋಣ.