ಅವ್ವನ ಸೀರೆ ಬಣ್ಣದ ಟರ್ಮಿನಲ್

ನಮಸ್ಕಾರ್ರಿ. ಬಾಗಲಕೋಟೆ ನವನಗರ, ಬೆಳಿಗ್ಗೆ ಆರೂವರೆ. ಇವತ್ತು ಟರ್ಮಿನಲ್, ಅಂದ್ರೆ ಕಂಪ್ಯೂಟರಿಗೆ ಆಜ್ಞೆಗಳನ್ನು ಟೈಪ್ ಮಾಡಿ ಕೊಡೋ ಕಿಟಕಿ, ಅದನ್ನು ಹೊಂದಿಸೋದು. ಬಿಸಿಲು ಏರುವ ಮುಂಚೆ ಈ ಕೆಲಸ ಮುಗಿಸಬೇಕು, ಯಾಕಂದ್ರೆ ಹನ್ನೊಂದು ಗಂಟೆ ಆಯ್ತು ಅಂದ್ರೆ ನಮ್ಮ ಲ್ಯಾಪ್‌ಟಾಪಿನ ಫ್ಯಾನು ಒಂದೇ ಸಮನೆ ಕೂಗುತ್ತದೆ.

ಇದು 4 ಜಿಬಿ ರ‍್ಯಾಮಿನ ಹಳೇ ಮಷೀನು. ಡೆಬಿಯನ್ 12 ಅನ್ನೋ ಲಿನಕ್ಸ್, ಅದರ ಮೇಲೆ ಕಿಟಕಿಗಳನ್ನು ಜೋಡಿಸಿಡೋ ಸ್ವೇ. ನನಗೆ ಒಂದೇ ಹೊತ್ತಿಗೆ ಏಳೆಂಟು ಟರ್ಮಿನಲ್ ಬೇಕು. ಅದಕ್ಕೇ ಫುಟ್ ಅನ್ನೋ ಹಗುರ ಟರ್ಮಿನಲ್ ಹಾಕಿಕೊಂಡೆ. ಲಿನಕ್ಸಿನಲ್ಲಿ ಪರದೆ ಮೇಲೆ ಕಿಟಕಿ ತೋರಿಸೋಕೆ ಎರಡು ವ್ಯವಸ್ಥೆ ಇವೆ, ಹೊಸದು ವೇಲ್ಯಾಂಡ್, ಹಳೇದು ಎಕ್ಸ್11. ಫುಟ್ ವೇಲ್ಯಾಂಡ್‌ನಲ್ಲಿ ಮಾತ್ರ ಓಡುತ್ತದೆ, ಎಕ್ಸ್11 ಇಟ್ಟುಕೊಂಡವರಿಗೆ ಆಗೋದಿಲ್ಲ. ಹಾಕೋದು ಸುಲಭ: ಸುಡೋ ಆಪ್ಟ್ ಇನ್‌ಸ್ಟಾಲ್ ಫುಟ್. ಮುಗೀತು.

ಮೊದಲ ಸಲ ತೆರೆದಾಗ ಅಕ್ಷರ ಬಹಳ ಸಣ್ಣದು, 8ರ ಸೈಜು. ಕಾನ್ಫಿಗ್ ಫೋಲ್ಡರಿನಲ್ಲಿ ಫುಟ್ ಅಂತ ಒಂದು ಫೋಲ್ಡರ್ ಮಾಡಿ, ಅದರೊಳಗೆ ಫುಟ್ ಡಾಟ್ ಐಎನ್‌ಐ ಅಂತ ಫೈಲು ಇಡಬೇಕು. ಫಾಂಟ್ ಸಾಲಿನಲ್ಲಿ ಡೇಜಾವು ಸಾನ್ಸ್ ಮೋನೋ, ಸೈಜು 13, ಆಮೇಲೆ ಅಲ್ಪವಿರಾಮ ಹಾಕಿ ನೋಟೋ ಸಾನ್ಸ್ ಕನ್ನಡ. ಮೊದಲನೇ ಫಾಂಟಿನಲ್ಲಿ ಇಲ್ಲದ ಅಕ್ಷರವನ್ನು ಎರಡನೇದರಲ್ಲಿ ಹುಡುಕುತ್ತದೆ. ಹಿಂದಕ್ಕೆ ಸರಿಸಿ ಓದೋ ಸಾಲು 1000 ಇತ್ತು, 10000 ಮಾಡಿದೆ.

ಬಣ್ಣಕ್ಕೆ ಜಾಸ್ತಿ ಹೊತ್ತು ಹೋಯಿತು. ಅವ್ವನ ಇಳಕಲ್ ಸೀರೆ ಸೆರಗಿನ ಕೆಂಪು ನನಗೆ ಬೇಕಿತ್ತು, ಆದರೆ ಅಷ್ಟು ಕೆಂಪಿನ ಮೇಲೆ ದಿನವಿಡೀ ಓದಿದರೆ ಕಣ್ಣು ಉರಿಯುತ್ತದೆ. ಅದಕ್ಕೆ ಸೀರೆಯನ್ನು ಕಿಟಕಿ ಹತ್ತಿರ ಹಿಡಿದು, ನೆರಳು ಬಿದ್ದ ಮಡಿಕೆ ಇತ್ತಲ್ಲ, ಅದನ್ನು ನೋಡಿಕೊಂಡು ಹಿನ್ನೆಲೆಗೆ 301018 ಕೊಟ್ಟೆ. ಮುಂದೆ ಹ್ಯಾಶ್ ಗುರುತು ಹಾಕಬಾರದು, ಆರು ಅಂಕಿ ಅಷ್ಟೇ.

ಈಗ ನಾನು ಸಿಕ್ಕಿಕೊಂಡ ಜಾಗ. ಫುಟ್‌ಗೆ ಸರ್ವರ್ ಅಂತ ಒಂದು ವಿಧಾನ ಇದೆ. ಒಂದೇ ಪ್ರೋಸೆಸ್ ಹಿಂದೆ ಕೂತಿರುತ್ತದೆ, ಫುಟ್‌ಕ್ಲೈಂಟ್ ಅಂತ ಕೊಟ್ಟರೆ ಅದೇ ಹೊಸ ಹೊಸ ಟರ್ಮಿನಲ್ ಕಿಟಕಿ ತೆರೆಯುತ್ತದೆ, ಫಾಂಟನ್ನು ಎಲ್ಲ ಕಿಟಕಿಗಳೂ ಹಂಚಿಕೊಳ್ಳುವುದರಿಂದ ಮೆಮೊರಿ ಉಳಿಯುತ್ತದೆ, ಕಿಟಕಿಯೂ ಬೇಗ ಬರುತ್ತದೆ. ಸ್ವೇ ಶುರುವಾದ ಕೂಡಲೇ ಅದೂ ಶುರುವಾಗಲಿ ಅಂತ ಬರೆದಿಟ್ಟಿದ್ದೆ. ಆಮೇಲೆ ಬಣ್ಣ ಬದಲಿಸಿ, ಫೈಲು ಉಳಿಸಿ, ಹೊಸ ಕಿಟಕಿ ತೆರೆದೆ. ಹಳೇ ಬಣ್ಣವೇ! ಅರ್ಧ ತಾಸು ಒಂದೊಂದೇ ಸಾಲು ನೋಡಿದೆ, ತಪ್ಪೇ ಇಲ್ಲ. ವಿಷಯ ಏನಂದ್ರೆ, ಸರ್ವರ್ ಆ ಫೈಲನ್ನು ಶುರುವಿನಲ್ಲಿ ಒಮ್ಮೆ ಮಾತ್ರ ಓದುತ್ತದೆ. ಅದನ್ನು ನಿಲ್ಲಿಸಿ ಮತ್ತೆ ಶುರು ಮಾಡಬೇಕು, ಆದರೆ ನಿಲ್ಲಿಸಿದರೆ ತೆರೆದಿದ್ದ ಕಿಟಕಿ ಎಲ್ಲ ಒಟ್ಟಿಗೆ ಹೋಗುತ್ತವೆ. ಹಾಗಾಗಿ ಬಣ್ಣ, ಫಾಂಟು ಸರಿ ಹೊಂದುವವರೆಗೆ ಸುಮ್ನೆ ಫುಟ್ ಅಂತಲೇ ತೆರೆಯಿರಿ, ಸರ್ವರ್ ಆಮೇಲೆ.

ಇನ್ನೊಂದು: ಎಸ್‌ಎಸ್‌ಎಚ್ ಮಾಡಿ, ಅಂದ್ರೆ ನೆಟ್‌ವರ್ಕ್ ಮೂಲಕ, ಬೇರೆ ಯಾವುದೋ ಹಳೇ ಮಷೀನಿಗೆ ಹೋದರೆ ಅದು ಈ ಟರ್ಮಿನಲ್ ಗೊತ್ತಿಲ್ಲ ಅನ್ನಬಹುದು. ಅದೇ ಫುಟ್ ಡಾಟ್ ಐಎನ್‌ಐ ಫೈಲಿನ ಟರ್ಮ್ ಸಾಲಿನಲ್ಲಿ ಎಕ್ಸ್‌ಟರ್ಮ್-256ಕಲರ್ ಬರೆದರೆ ಕೆಲಸ ನಡೆಯುತ್ತದೆ.

ಮನಸ್ಸಿಗೆ ಬೇಸರ ಆಗಿದ್ದು ಕನ್ನಡದ ವಿಷಯದಲ್ಲಿ. ನಮ್ಮ ಕಾಕಾ ಗುಳೇದಗುಡ್ಡದ ಖಣ ಮಾರುತ್ತಾರೆ, ಅವರ ಲೆಕ್ಕದ ಫೈಲುಗಳಿಗೆ ನಾನು ಕನ್ನಡದಲ್ಲೇ ಹೆಸರು ಇಟ್ಟಿದ್ದೇನೆ. ಇಲ್ಲಿ 'ಲೆಕ್ಕ' ಅನ್ನೋದನ್ನು ನೋಡ್ರಿ, 'ಲೆ' ಸರಿಯಾಗಿ ಬಂತು, ಅದರ ಮುಂದೆ ಕ-ಗೆ ಕ ಒತ್ತು ಬರಲಿಲ್ಲ, ಅರ್ಧ ಕ ಒಂದು ಕಡೆ, ಪೂರ್ತಿ ಕ ಒಂದು ಕಡೆ. ಟರ್ಮಿನಲ್ ಪರದೆ ಅಂದ್ರೆ ನಮ್ಮ ನವನಗರದ ಸೈಟುಗಳ ಹಾಗೆ, ಒಂದೇ ಅಳತೆಯ ಮನೆಗಳು, ಒಂದೊಂದು ಅಕ್ಷರಕ್ಕೆ ಒಂದೊಂದು ಮನೆ. ಕನ್ನಡದ ಒತ್ತು ಪಕ್ಕದ ಮನೆಗೆ ಹೋಗೋದಿಲ್ಲ, ಮೇಲಿನ ಅಕ್ಷರದ ಕೆಳಗೇ ಕೂರಬೇಕು. ಫೈಲಿನ ಹೆಸರು ನಾನು ಬದಲಿಸೋದಿಲ್ಲ. ಎರಡಕ್ಷರ ಹೊಡೆದು ಟ್ಯಾಬ್ ಒತ್ತಿದರೆ ಫೈಲು ಸಿಗುತ್ತದೆ, ಸದ್ಯಕ್ಕೆ ಹಾಗೇ ನಡೆಸಿದ್ದೇನೆ.

ಎಂಎಲ್‌ಟರ್ಮ್ ಅಂತ ಇನ್ನೊಂದು ಟರ್ಮಿನಲ್ ಇದೆ, ಭಾರತದ ಲಿಪಿಗಳನ್ನೂ ಗಮನದಲ್ಲಿ ಇಟ್ಟುಕೊಂಡು ಮಾಡಿದ್ದು. ಮುಂದಿನ ವಿಡಿಯೋದಲ್ಲಿ ಕಾಕಾನ ಇದೇ ಲೆಕ್ಕದ ಫೈಲು ಅದರಲ್ಲಿ ತೆರೆದು ತೋರಿಸುತ್ತೇನೆ.