ಬೆಟ್ಟದ ಮೇಲೆ ಮೋಡ, ಮೇಜಿನ ಮೇಲೆ ಮೋಡು

ಚಾಮುಂಡಿ ಬೆಟ್ಟದ ಮೇಲೆ ಮೋಡ, ಮೇಜಿನ ಮೇಲೆ ಮೋಡು. ಮೈಸೂರಿನ ಮಳೆಗಾಲದ ಮಧ್ಯಾಹ್ನಕ್ಕೆ ಇಷ್ಟು ಸಾಕು.

ಸ್ಕ್ರೀನ್ ಮೇಲಿರೋದು ಲಿನಕ್ಸ್ ಈಥರ್ನೆಟ್ ಡ್ರೈವರಿನ ಪ್ರೋಬ್ ಫಂಕ್ಷನ್, ಹಾರ್ಡ್‌ವೇರ್ ಸಿಕ್ಕ ಕೂಡಲೇ ಓಡೋದು. ಮ್ಯಾಕ್ ಅಂದ್ರೆ ಪ್ಯಾಕೆಟ್ ಕಟ್ಟೋ ಭಾಗ, ಫೈ ಅಂದ್ರೆ ಕೇಬಲ್ ಕಡೆಯ ಚಿಪ್, ಇವೆರಡನ್ನ ಜೋಡಿಸೋ ಕರ್ನಲ್ ಭಾಗ ಫೈಲಿಂಕ್. ಫೈಲಿಂಕ್ ಕ್ರಿಯೇಟ್ ಕರೆಯೋ ಮೊದಲೇ ಕಾನ್ಫಿಗ್‌ನಲ್ಲಿ ಎರಡು ಜಾಗ ತುಂಬಬೇಕು. ಮ್ಯಾಕ್ ಕೇಪಬಿಲಿಟೀಸ್‌ಗೆ ವೇಗ, ಡ್ಯುಪ್ಲೆಕ್ಸ್, ಪಾಝ್. ಸಪೋರ್ಟೆಡ್ ಇಂಟರ್‌ಫೇಸಸ್ ಅನ್ನೋ ಬಿಟ್‌ಮ್ಯಾಪ್‌ಗೆ (ಒಂದೊಂದು ಮೋಡಿಗೆ ಒಂದೊಂದು ಬಿಟ್), ಮ್ಯಾಕು ಫೈ ಜೊತೆ ಅಥವಾ ಎಸ್‌ಎಫ್‌ಪಿ ಅನ್ನೋ ಚುಚ್ಚೋ ಮಾಡ್ಯೂಲ್ ಜೊತೆ ಯಾವ್ಯಾವ ಮೋಡಿನಲ್ಲಿ ಮಾತಾಡಬಲ್ಲದು ಅನ್ನೋದು. ಖಾಲಿ ಬಿಟ್ಟರೆ ಈಗಿನ ಕರ್ನಲ್ ಅಲ್ಲೇ ಎರರ್ ಕೊಡುತ್ತೆ. ಅದು ಪರವಾಗಿಲ್ಲ, ಕಾಡೋದು ಅರ್ಧಂಬರ್ಧ ತುಂಬಿದ್ದು.

ಮ್ಯಾಕು-ಫೈ ನಡುವಿನ ಗಿಗಾಬಿಟ್ ತಂತಿಗಳ ಮೋಡು ಆರ್‌ಜಿಎಂಐಐ ತಗೊಳ್ಳಿ. ಹೆಸರು ಒಂದು, ಬಿಟ್‌ಗಳು ನಾಲ್ಕು: ಬರೀ ಆರ್‌ಜಿಎಂಐಐ, ಐಡಿ, ಆರ್‌ಎಕ್ಸ್‌ಐಡಿ, ಟಿಎಕ್ಸ್‌ಐಡಿ. ಮೊದಲನೇದನ್ನಷ್ಟೇ ಹಾಕಿದ್ದೀರಿ, ಡಿವೈಸ್ ಟ್ರೀಯಲ್ಲಿ (ಬೋರ್ಡಿನ ಜೋಡಣೆ ಹೇಳೋ ಫೈಲ್) ಐಡಿ ಅಂತಿದೆ ಅಂದ್ರೆ, ಫೈ ಜೋಡಿಸೋವಾಗ ವ್ಯಾಲಿಡೇಶನ್ ಫೇಲ್, ಎರರ್ ನಂಬರ್ ಮೈನಸ್ 22. ನಾಲ್ಕನ್ನೂ ಒಂದೇ ಏಟಿಗೆ ಹಾಕೋಕೆ ಫೈ ಇಂಟರ್‌ಫೇಸ್ ಸೆಟ್ ಆರ್‌ಜಿಎಂಐಐ ಅನ್ನೋ ಹೆಲ್ಪರ್ ಇದೆ.

ನಾಲ್ಕು ಯಾಕೆ? ಗಿಗಾಬಿಟ್‌ನಲ್ಲಿ ಕ್ಲಾಕ್ 125 ಮೆಗಾಹರ್ಟ್ಸ್, ಅಂದ್ರೆ ಒಂದು ಸುತ್ತಿಗೆ 8 ನ್ಯಾನೋಸೆಕೆಂಡ್. ಏರೋ ಅಂಚು, ಇಳಿಯೋ ಅಂಚು ಎರಡರಲ್ಲೂ ಡೇಟಾ. ಒಂದೊಂದಕ್ಕೆ ಸಿಗೋದು 4. ಅದರ ನಟ್ಟನಡುವೆ ಓದಬೇಕಾದ್ರೆ ಕ್ಲಾಕು ಸುಮಾರು 2 ನ್ಯಾನೋಸೆಕೆಂಡ್ ತಡ ಆಗಬೇಕು. ಈ ತಡ ಯಾರು ಸೇರಿಸ್ತಾರೆ, ಫೈಯೋ ಮ್ಯಾಕೋ ಬೋರ್ಡಿನ ತಂತಿಯೋ, ಜಗಳ ಅದೇ. ನಾಲ್ಕು ಹೆಸರೂ ಅದಕ್ಕೇ: ಐಡಿ ಅಂದ್ರೆ ಚಿಪ್ಪಿನ ಒಳಗಿನ ತಡ, ಆರ್‌ಎಕ್ಸ್ ಬರೋ ದಿಕ್ಕು, ಟಿಎಕ್ಸ್ ಹೋಗೋ ದಿಕ್ಕು. ಇಬ್ಬರೂ ಸೇರಿಸಿದ್ರೆ 4 ಆಯ್ತು, ಓದೋ ಗಳಿಗೆ ಮತ್ತೆ ಅಂಚಿಗೇ ಬಂತು. ಅತ್ತೆಯೂ ಸೊಸೆಯೂ ಒಂದೇ ಸಾರಿಗೆ ಉಪ್ಪು ಹಾಕಿದ ಹಾಗೆ. ಆಗ ಲಿಂಕ್ ದೀಪ ಉರಿಯುತ್ತೆ, ಯಾಕಂದ್ರೆ ಕೇಬಲ್ ಕಡೆ ಫೈ ಸರಿಯಾಗೇ ಇದೆ. ಪಿಂಗ್ ಮಾತ್ರ ಹೋಗಲ್ಲ, ಸಿಆರ್‌ಸಿ ಎರರ್ (ಡೇಟಾ ಕೆಟ್ಟು ಬಂದ ಲೆಕ್ಕ) ಏರ್ತಾ ಇರುತ್ತೆ.

ಸರ್ಡೆಸ್, ಅಂದ್ರೆ ಡೇಟಾನ ಒಂದೇ ಸಾಲಾಗಿ ವೇಗದಲ್ಲಿ ಕಳಿಸೋ ಭಾಗ, ಇದ್ರೆ ಕಥೆ ಬೇರೆ. ಅದರ ಮೋಡುಗಳಾದ ಎಸ್‌ಜಿಎಂಐಐ, 1000ಬೇಸ್-ಎಕ್ಸ್ ಎರಡೂ 1.25 ಗಿಗಾಬಾಡ್, ಎರಡೂ 8ಬಿ/10ಬಿ (8 ಬಿಟ್‌ಗೆ 10 ಬಿಟ್ ಕಳಿಸೋ ಕೋಡಿಂಗ್). ಬೇರೆ ಇರೋದು ಎರಡೂ ತುದಿ ಪರಸ್ಪರ ಕಳಿಸೋ ಕಂಟ್ರೋಲ್ ವರ್ಡ್. ಮೊದಲನೇದನ್ನ ಹಾಕಿ ಎರಡನೇದನ್ನ ಮರೆತರೆ ಗಿಗಾಬಿಟ್ ಫೈಬರ್ ಮಾಡ್ಯೂಲ್ ಚುಚ್ಚಿದ ಕೂಡಲೇ ಫೈಲಿಂಕ್ ಬೇಡ ಅನ್ನುತ್ತೆ. 2500ಬೇಸ್-ಎಕ್ಸ್‌ಗೆ 3.125 ಗಿಗಾಬಾಡ್ ಬೇಕು. ನಿಮ್ಮ ಸರ್ಡೆಸ್‌ಗೆ ಅಷ್ಟು ಓಡೋಕೆ ಬರದಿದ್ರೆ ಆ ಬಿಟ್ ಮುಟ್ಟಲೇಬೇಡಿ. ಫೈಲಿಂಕ್ ಬಿಟ್‌ಮ್ಯಾಪನ್ನ ಪೂರ್ತಿ ನಂಬಿ ಅದನ್ನೇ ಆರಿಸುತ್ತೆ, ಲಿಂಕ್ ಏಳೋದೇ ಇಲ್ಲ.

ಹಾಗಂತ ಮೇಜಿನ ಮೇಲಿರೋ ಈ ಒಂದು ಬೋರ್ಡ್ ನೋಡ್ಕೊಂಡು ಬಿಟ್ ಹಾಕೋದೂ ತಪ್ಪು. ಬೋರ್ಡಿನ ಮಾತು ಡಿವೈಸ್ ಟ್ರೀಯ ಫೈ-ಮೋಡ್‌ಗೆ. ಇಲ್ಲಿ ಬರೋದು ಚಿಪ್‌ಗೆ ಏನೇನು ಬರುತ್ತೋ ಅಷ್ಟೂ. ಡೇಟಾಶೀಟಿನ ಸರ್ಡೆಸ್ ಪುಟ ಪಕ್ಕದಲ್ಲಿ ತೆರೆದಿಟ್ಕೊಂಡು ಟೈಪ್ ಮಾಡಿ.